ಕೊನೆಯ ಡಬ್ಬಿಯ ಕಂಬಿ

ದೆವ್ವಗಿವ್ವ ನಂಬುವವನಲ್ಲ ನಾನು. ಯಂತ್ರ ಕೆಟ್ಟರೆ ಎಣ್ಣೆ ಹಾಕು ಎನ್ನುವವನು.

ನಮ್ಮ ಪಾರ್ಕಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಮ್ಯಾನೇಜರ್ ಎಲ್ಲರನ್ನೂ ಕೂರಿಸಿಕೊಂಡು ಐಡಿಯಾ ಕೇಳಿದರು. ಒಬ್ಬರು ಪಟಾಕಿ ಎಂದರು, ಇನ್ನೊಬ್ಬರು ಆಳೆತ್ತರದ ಕೇಕ್ ಎಂದರು. ಮೂಲೆ ಸೇರಿದ್ದ ಕಂಬಳಿಹುಳದ ಆಕಾರದ ರೈಲನ್ನು ಒಂದು ದಿನ ಓಡಿಸೋಣ ಎಂದೆ ನಾನು. ಪಾರ್ಕು ಹೊಸದರಲ್ಲಿ ಅದನ್ನು ಓಡಿಸುತ್ತಿದ್ದವನು ನಾನೇ. ಕೊನೆಯ ಡಬ್ಬಿ ನನ್ನ ಮಗಳದು. ಜ್ವರ ಬಂದು ತೀರಿಹೋಗುವವರೆಗೂ ಆ ಮಗು ಬೇರೆಲ್ಲೂ ಕೂತದ್ದಿಲ್ಲ.

ಜನ ಬರುವ ಮುಂಚೆ ಖಾಲಿ ರೈಲನ್ನು ಒಂದು ಸುತ್ತು ಓಡಿಸಿ ನೋಡುವುದು ನಮ್ಮ ಪದ್ಧತಿ. ಸಮಾರಂಭದ ದಿನ ಬೆಳಿಗ್ಗೆ, ಕೂತವರು ಬೀಳದಂತೆ ಅಡ್ಡ ಬರುವ ಸೀಟುಗಳ ಕಂಬಿ ಇಳಿಸಿದೆವು. ಖಾಲಿ ಸೀಟಿನಲ್ಲಿ ಕಂಬಿ ಪೂರ್ತಿ ಇಳಿಯುತ್ತದೆ. ಯಾರಾದರೂ ಕೂತಿದ್ದರೆ ಮಾತ್ರ ತೊಡೆಗೆ ತಾಗಿ ನಿಲ್ಲುತ್ತದೆ. ಕೊನೆಯ ಡಬ್ಬಿಯದು ನಡುವೆಯೇ ನಿಂತಿತು.

"ತುಕ್ಕು ಹಿಡಿದಿರ್ಬೇಕಣ್ಣ," ಎಂದು ಮೆಕ್ಯಾನಿಕ್ ಎಣ್ಣೆ ಬಿಟ್ಟು ಒತ್ತಿದ. ಕೆಳಗೆ ಏನೋ ಮೆತ್ತಗಿದ್ದಂತೆ ಕಂಬಿ ಚೂರು ತಗ್ಗಿ ಮತ್ತೆ ಮೇಲೆದ್ದಿತು. ಅವನು ಸರಕ್ಕನೆ ಕೈ ತೆಗೆದ. "ಬೆಚ್ಚಗಿದೆ ಕಣಣ್ಣ."

ರಿಪೇರಿಗೆ ಇರಲೆಂದು, ಕಂಬಿ ನಿಂತಲ್ಲಿ ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಮಗುವಿನ ತೊಡೆಗೆ ಇದು ತೀರಾ ಎತ್ತರವಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುತ್ತು ಮುಗಿದಾಗ ಕಂಬಿ ತಾನಾಗಿ ಪೂರ್ತಿ ಇಳಿದಿತ್ತು.

ಮಧ್ಯಾಹ್ನ ನನ್ನ ಹೆಂಡತಿ ಬಂದಳು. ಬೆಳಗಿನ ವಿಷಯ ನಾನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅವಳು ನೇರವಾಗಿ ಕೊನೆಯ ಡಬ್ಬಿಗೆ ಹೋಗಿ ಕೂತಳು.

"ಇದ್ದಿದ್ರೆ ಈಗ ನನ್ನಷ್ಟೇ ದೊಡ್ಡೋಳಾಗಿರ್ತಿದ್ಲು, ಅಲ್ವೇನ್ರೀ?"

ನಾನು ಕಂಬಿ ಇಳಿಸಿದೆ. ಅದು ಸರಿಯಾಗಿ ಬೆಳಿಗ್ಗೆ ಎಳೆದ ಗೆರೆಯ ಮೇಲೆ ಬಂದು ನಿಂತಿತು.