ಅಂಟು ಹಾಕದ ಚಿತ್ರ

"ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ನಿಂತಿದೀರ."

ತಲೆ ಎತ್ತದೆಯೇ ಹೇಳಿದ ಆತ.

ನರ್ಸಮ್ಮನಿಗೆ ಮೈ ಉರಿಯಿತು. ವಯಸ್ಸಾದವರ ಹಗಲು ಆರೈಕೆ ಕೇಂದ್ರದಲ್ಲಿ ಅದು ಆಕೆಯ ಮೊದಲ ದಿನ. ಆಗಲೇ ಒಂದು ಜಗಳ ಮುಗಿಸಿಕೊಂಡಿದ್ದಳು. ಬೇಸಿಗೆಯ ಕರಕುಶಲ ಕಲಿಸಲು ಬಂದಿದ್ದ ಟೀಚರ್ ಎಲ್ಲರ ಮುಂದೆ ಚಿಟ್ಟೆಯ ಚಿತ್ರ, ಬಣ್ಣದ ಕಾಗದ, ಪ್ಲಾಸ್ಟಿಕ್ ಕತ್ತರಿ ಇಟ್ಟು, ಕಾಗದ ಕತ್ತರಿಸಿ ಚಿಟ್ಟೆಯೊಳಗೆ ಅಂಟಿಸಿ ಪುಟಾಣಿಗಳಾ ಎಂದಿದ್ದಳು. ಜೀವಮಾನವೆಲ್ಲ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಎತ್ತಿಕೊಟ್ಟ ಕೈ ತನ್ನದು, ಈ ಕತ್ತರಿಗೆ ಬೆಣ್ಣೆಯೂ ತುಂಡಾಗುವುದಿಲ್ಲ, ಇನ್ನೊಂದು ಸಲ ಪುಟಾಣಿ ಅಂದರೆ ನಿನಗೇ ಎರಡು ಜಡೆ ಹಾಕಿ ಕೂರಿಸುತ್ತೇನೆ ಎಂದು ನರ್ಸಮ್ಮ ಹೇಳಿದಾಗ ಇಡೀ ಹಾಲ್ ನಕ್ಕಿತ್ತು. ಟೀಚರೂ ನಕ್ಕು, ಬ್ಯಾಗಿನಿಂದ ನಿಜವಾದ ಕತ್ತರಿ ತೆಗೆದುಕೊಟ್ಟಿದ್ದಳು.

ನಗದೆ ಇದ್ದವನು ಈತನೊಬ್ಬನೇ.

"ಬೆಳಕೇನು ನಿಮ್ಮಪ್ಪ ಬರೆದುಕೊಟ್ಟ ಆಸ್ತಿನಾ?"

"ಬೆಳಕಲ್ಲ. ಈ ಟೇಬಲ್ ಮಾತ್ರ."

ಆಕೆ ಒಂದು ಕುರ್ಚಿಯನ್ನು ನೆಲಕ್ಕೆ ಉಜ್ಜುತ್ತಾ ಎಳೆದು ತಂದು, ಅದೇ ಟೇಬಲ್ಲಿಗೆ, ಅವನ ಎದುರಿಗೇ ಹಾಕಿಕೊಂಡು ಕೂತಳು.

ಆಗ ಆ ಕೈ ಕಂಡಿತು. ಚಿಮಟ ಹಿಡಿದ ಬೆರಳುಗಳು ಗಾಳಿಯಲ್ಲಿ ಗಡಗಡ ನಡುಗುತ್ತಿದ್ದವು. ಕಾಗದದ ಚೂರಿನ ಹತ್ತಿರ ಬಂದೊಡನೆ, ಯಾರೋ ಗದರಿದಂತೆ ನಿಂತುಬಿಡುತ್ತಿದ್ದವು.

ನೋಡಬಾರದು ಅಂದುಕೊಂಡಳು. ನೋಡುತ್ತಲೇ ಇದ್ದಳು.

ಆತ ವಾಚ್ ರಿಪೇರಿ ಮಾಡುತ್ತಿದ್ದವನು. ಕೇಂದ್ರದಲ್ಲಿ ಎಲ್ಲರಿಗೂ ವಾಚಣ್ಣ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದ. ಆಮೇಲೆ ಕೈ ನಡುಗತೊಡಗಿತು. ಚಿಟ್ಟೆಯ ಹಾಳೆಯನ್ನು ಮಗುಚಿ ಬದಿಗಿಟ್ಟು, ಒಂದು ಬಿಳಿ ಟ್ರೇಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಕಾಗದದ ಚೂರುಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತಿದ್ದ. ಅಂಟು ಮಾತ್ರ ಮುಟ್ಟುತ್ತಿರಲಿಲ್ಲ.

ಯಾಕೆಂದು ನರ್ಸಮ್ಮ ಕೇಳಿದಳು. ಕೊನೆಯ ಚೂರು ಕೂರುವ ತನಕ ಮೊದಲ ಚೂರು ಸರಿಯಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ, ಅಂಟಿಸಿಬಿಟ್ಟರೆ ತಿದ್ದುವುದು ಹೇಗೆ ಎಂದ. ಏನು ಚಿತ್ರ ಎಂದು ಕೇಳಿದರೆ, ಮುಗಿಯಲಿ ಅನ್ನುತ್ತಿದ್ದ. ಎದುರಿನಿಂದ ನೋಡುವ ಆಕೆಗೆ ಅದು ತಲೆಕೆಳಗಾಗಿ, ಬರೀ ಕಂದು ಚೂರುಗಳ ರಾಶಿಯಾಗಿ ಕಾಣುತ್ತಿತ್ತು.

ದಿನಗಳು ಹೋದವು. ಹೊರಗೆ ಬಿಸಿಲು ರಸ್ತೆಯ ಡಾಂಬರು ಕರಗಿಸುತ್ತಿದ್ದರೆ, ಒಳಗೆ ಫ್ಯಾನಿನ ಗಾಳಿಗೆ ಚೂರುಗಳು ಹಾರದಂತೆ ಆಕೆ ಟ್ರೇಯ ಪಕ್ಕ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಅವನಿಗೆ ಬೇಕಾದ ಬಣ್ಣ ಕತ್ತರಿಸಿಕೊಡುತ್ತಿದ್ದಳು. ಇಬ್ಬರೂ ಜಗಳವಾಡುತ್ತಿದ್ದರು. ಕತ್ತರಿಸಿದ್ದು ಓರೆ ಎಂದು ಅವನು, ಕಣ್ಣೇ ಓರೆ ಎಂದು ಇವಳು.

ಗಂಡ ಹೋದಾಗ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ನರ್ಸಮ್ಮ ಡ್ಯೂಟಿ ಮಾಡಿದಳು, ಅಡುಗೆ ಮಾಡಿದಳು, ಮಗಳ ಮದುವೆ ಮಾಡಿದಳು. ಒಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ, ಆಕೆಯೂ ಇಣುಕಲಿಲ್ಲ. ಈಗ ಬೆಳಿಗ್ಗೆ ಕೇಂದ್ರದ ವ್ಯಾನ್ ಬರುವ ಮುಂಚೆಯೇ ಗೇಟಿನ ಹತ್ತಿರ ನಿಂತಿರುತ್ತಿದ್ದಳು.

ಇದೇನು ನನಗೆ... ಈ ವಯಸ್ಸಿನಲ್ಲಿ?

ಆಗಲಿ ಬಿಡು, ಅಂತಲೂ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಸಂಜೆ ಮಗಳು ಕರೆದೊಯ್ಯಲು ಬಂದಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದನ್ನೂ ಎದುರಿಗೆ ಕೂತ ಗಂಡಸನ್ನೂ ನೋಡಿದಳು. ಅಮ್ಮನಿಗೆ ಏನೂ ಹೇಳದೆ ನೇರ ಮ್ಯಾನೇಜರ್ ಕೋಣೆಗೆ ಹೋದಳು. ಆ ಕೋಣೆಯ ಗೋಡೆ ಕಾಗದದಷ್ಟು ತೆಳು. ಅಮ್ಮನನ್ನು ಬೇರೆ ಟೇಬಲ್ಲಿಗೆ ಕೂರಿಸಿ, ಇಲ್ಲವಾದರೆ ಬೇರೆ ಕೇಂದ್ರ ನೋಡುತ್ತೇನೆ ಎಂದದ್ದು ಹಾಲಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ವಾಚಣ್ಣನಿಗೂ.

ಮರುದಿನ ಅವನು ಬರಲಿಲ್ಲ. ಡಾಕ್ಟರ ಬಳಿ ಹೋಗುವ ದಿನವಂತೆ. ನರ್ಸಮ್ಮ ಬೇಕೆಂದೇ ಅದೇ ಟೇಬಲ್ಲಿಗೆ ಕೂತಳು. ಮ್ಯಾನೇಜರ್ ನೋಡಿಯೂ ನೋಡದಂತೆ ಹೋದ. ಸಂಜೆ ಹೊರಡುವಾಗ, ಆಪರೇಷನ್ ಮುಗಿದ ಮೇಲೆ ಟೇಬಲ್ ಮೇಲೆ ಏನನ್ನೂ ಬಿಡದ ಆ ಹಳೆಯ ಕೈಗಳು ತಾವಾಗಿಯೇ ಎದ್ದವು. ಅವನ ಚಿಮಟಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಳು. ಆಕೆಯ ಕಣ್ಣಿಗೆ ಅದಿನ್ನೂ ಬರೀ ರಾಶಿಯೇ; ಬಣ್ಣ ಬೇರೆ ಮಾಡಿಟ್ಟರೆ ಅವನಿಗೆ ಜೋಡಿಸುವುದು ಸುಲಭ ಅನ್ನಿಸಿ, ಚೂರುಗಳನ್ನೆಲ್ಲ ಬಣ್ಣಬಣ್ಣವಾಗಿ ಬೇರ್ಪಡಿಸಿ ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿದಳು. ಟ್ರೇ ತೊಳೆದಳು. ನಾಳೆ ನೋಡಿ ಖುಷಿಪಡುತ್ತಾನೆ ಎಂದುಕೊಂಡಳು.

ಮರುದಿನ ವಾಚಣ್ಣ ಖಾಲಿ ಟ್ರೇಯ ಮುಂದೆ ತುಂಬ ಹೊತ್ತು ನಿಂತ.

"ಯಾರು ಮಾಡಿದ್ದು?"

"ನಾನೇ. ಚೊಕ್ಕಟ ಮಾಡಿಟ್ಟಿದೀನಿ, ನೋಡಿ."

ಅವನು ತಲೆಯಾಡಿಸಿದ. ಚಿಮಟ ತೆಗೆದುಕೊಂಡು ಹೋಗಿ ಬಾಗಿಲ ಬಳಿಯ ಟೇಬಲ್ಲಿಗೆ, ಗೋಡೆಗೆ ಮುಖ ಮಾಡಿ ಕೂತ.

ನರ್ಸಮ್ಮ ಅವನ ಬೆನ್ನನ್ನೇ ನೋಡಿದಳು. ಮಗಳ ಮಾತಿಗೆ ಹೆದರಿದ. ಅಷ್ಟೇ ಇವನ ಧೈರ್ಯ. ಹೋಗಲಿ, ನಾನೇನು ಬೇಡಿಕೊಂಡು ಹೋಗಲಾ?

ಆ ವಾರವೆಲ್ಲ ಆಕೆ ಸಿಟ್ಟಿನಿಂದ ಕಾಗದ ಕತ್ತರಿಸಿದಳು, ಯಾರಿಗೂ ಬೇಡದಷ್ಟು. ಶುಕ್ರವಾರ ಮಗಳು ಬಂದು, ಬೇರೆ ಕೇಂದ್ರದಲ್ಲಿ ಸೀಟು ಸಿಕ್ಕಿದೆ, ಸೋಮವಾರದಿಂದ ಅಲ್ಲಿಗೆ ಎಂದಳು. ಅಲ್ಲಿ ಹೆಂಗಸರು ಮಾತ್ರ ಎಂಬುದನ್ನು ಎರಡು ಸಲ ಹೇಳಿದಳು. ಈ ಸಲ ನರ್ಸಮ್ಮ ಎದುರಾಡಲಿಲ್ಲ. ಯಾರಿಗಾಗಿ ಆಡಬೇಕು?

ಮಗಳು ಮ್ಯಾನೇಜರನ್ನು ಕಾಣಲು ಹೋದಾಗ ಟೀಚರ್ ಹತ್ತಿರ ಬಂದಳು. ಗೋಡೆಗೆ ಹಾಕಲು ಎಲ್ಲರ ಕೆಲಸದ ಫೋಟೋ ತೆಗೆದಿಟ್ಟಿದ್ದಳಂತೆ.

"ಅಮ್ಮ, ವಾಚಣ್ಣ ಅದನ್ನ ಯಾಕೆ ಕೆಡಿಸಿಬಿಟ್ರು? ಎಷ್ಟು ಚೆನ್ನಾಗಿತ್ತು."

ಮೊಬೈಲ್ ಈಚೆ ತಿರುಗಿಸಿದಳು. ಅವನು ಕೂರುತ್ತಿದ್ದ ಕಡೆಯಿಂದ ತೆಗೆದ ಫೋಟೋ. ಕಂದು ಚೂರುಗಳು ರಾಶಿಯಾಗಿರಲಿಲ್ಲ. ಎರಡು ಕೈಗಳಾಗಿದ್ದವು. ಕತ್ತರಿ ಹಿಡಿದ ಕೈಗಳು. ಬಲಗೈಯ ಕಿರುಬೆರಳು, ಒಮ್ಮೆ ಮುರಿದು ಸರಿಯಾಗಿ ಕೂಡದ ಆ ಕಿರುಬೆರಳು, ಅಷ್ಟೇ ಸೊಟ್ಟಗಿತ್ತು.

ನರ್ಸಮ್ಮ ತನ್ನ ಕೈ ನೋಡಿಕೊಂಡಳು. ಗಂಡನೂ ಗಮನಿಸಿರದ ಬೆರಳು ಅದು.

ಮಗಳು ಜಗಳವಾಡಿದ ಮರುದಿನವೇ, ಅವನು ಇಲ್ಲದಾಗ, ತಾನೇ ಅದನ್ನು ಚೂರುಚೂರು ಮಾಡಿ ಪೊಟ್ಟಣ ಕಟ್ಟಿ ಕೊಟ್ಟಿದ್ದಳು. ಅವನು ಇನ್ನೇನು ತಿಳಿದುಕೊಳ್ಳಬೇಕಿತ್ತು!

ಆಕೆ ಎದ್ದಳು. ಅಷ್ಟರಲ್ಲಿ ಮಗಳು ಚೀಲ ಹಿಡಿದು ಬಂದು, ನಡಿ ಎಂದಳು.

"ನಾನು ಸೋಮವಾರ ಇಲ್ಲಿಗೇ ಬರೋದು," ಎಂದಳು ನರ್ಸಮ್ಮ.

"ಅಮ್ಮಾ, ಎಲ್ಲರೂ ನೋಡ್ತಿದಾರೆ. ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ. ನಿಮ್ಮಪ್ಪ ಹೋದಾಗ ಜನ ಒಂದು ವಾರ ಬಂದ್ರು. ಆಮೇಲಿನ ವರ್ಷಗಳೆಲ್ಲ ನಾನೊಬ್ಬಳೇ ಕಳೆದಿದ್ದು."

ನರ್ಸಮ್ಮ ಮಗಳ ಕೆನ್ನೆ ಸವರಿದಳು. ನಿನ್ನನ್ನು ಬಿಟ್ಟು ಹೋಗುತ್ತಿಲ್ಲ ಕಣೇ, ಆದರೆ ನಾನು ಯಾರ ಎದುರು ಕೂರಬೇಕು ಅನ್ನುವುದನ್ನು ನೀನು ಹೇಳಬೇಡ ಎಂದು ಮೆಲ್ಲಗೆ ಹೇಳಿ, ಹಾಲಿನ ಉದ್ದಕ್ಕೂ ನಡೆದು ಬಾಗಿಲ ಬಳಿಯ ಟೇಬಲ್ಲಿಗೆ ಹೋದಳು. ಎಲ್ಲರ ತಲೆಗಳು ಆಕೆಯತ್ತ ತಿರುಗಿದವು. ಯಾರೋ ಕೆಮ್ಮಿದರು.

"ಇತ್ತ ತಿರುಗ್ರೀ."

ವಾಚಣ್ಣ ತಿರುಗಿದ.

"ಅದು ಏನು ಅಂತ ನಂಗೆ ಕಂಡಿರಲಿಲ್ಲ. ಟೇಬಲ್ ಖಾಲಿ ಮಾಡೋದು ಅಭ್ಯಾಸ, ಮಾಡಿದೆ. ನೀವು ಬೇಡ ಅಂತ ಅಲ್ಲ."

"ಬೇಡ ಅಂತಲೇ ಅಂದ್ಕೊಂಡೆ ನಾನು."

"ಕೇಳಬಹುದಿತ್ತಲ್ಲ?"

"ಕೇಳಿದ್ರೆ ಹೌದು ಅಂದುಬಿಡ್ತೀರೇನೋ ಅಂತ ಹೆದರಿಕೆ ಆಯ್ತು."

ಆಕೆ ಅವನ ನಡುಗುವ ಕೈಯನ್ನು ಎರಡೂ ಕೈಗಳಿಂದ ಹಿಡಿದಳು. ಎಲ್ಲರ ಎದುರಿಗೆ. ಮಗಳ ಎದುರಿಗೆ. ಕೈ ನಡುಗುವುದು ನಿಲ್ಲಲಿಲ್ಲ. ನಿಲ್ಲಬೇಕೆಂದು ಆಕೆಗೆ ಅನಿಸಲೂ ಇಲ್ಲ.

"ನಂಗೆ ನೀವಂದ್ರೆ ಇಷ್ಟ," ಎಂದಳು. "ತಿದ್ದೋಕೆ ಏನಾದ್ರೂ ಇದ್ರೆ ಈಗ್ಲೇ ಹೇಳಿ."

"ಏನೂ ಇಲ್ಲ." ಅವನು ಕೈ ಬಿಡಿಸಿಕೊಳ್ಳದೆಯೇ ಕೇಳಿದ, "ಶನಿವಾರ, ಭಾನುವಾರ ಇಲ್ಲಿ ರಜೆ... ಏನ್ಮಾಡೋದು?"

"ನಿಮ್ಮ ಮನೆ ಎಲ್ಲಿ ಹೇಳಿ. ಮಗಳಿಗೂ ಹೇಳೇ ಬರ್ತೀನಿ. ಕದ್ದು ಬರೋಳಲ್ಲ ನಾನು."

"ಅಕ್ಕಪಕ್ಕದವರು ಯಾರು ಬಂದಿದ್ದು ಅಂತ ಕೇಳ್ತಾರೆ. ಏನನ್ಲಿ?"

"ನಾನು ಇಷ್ಟಪಟ್ಟವಳು ಅನ್ನಿ."

"ಹಾಗೇ ಅಂತೀನಿ."

"ಪಿಸುಗುಟ್ಟಬೇಡಿ ಮತ್ತೆ. ಬೀದಿಗೆಲ್ಲ ಕೇಳೋ ಹಾಗೆ ಹೇಳಿ."