ಬರ್ಬೆರಾದ ಬೆಳ್ಳಿ ತಟ್ಟೆ

ಶಫೀಕಾಕ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ರಝಾಕ್, ನಿಮ್ಮ ಅಜ್ಜ ಎಂತ ಮಾಡ್ತಿದ್ದರು?"

ರಝಾಕನ ಅಜ್ಜ ಮೂಸಾ ಮಂಗಳೂರಿನ ಬಂದರಿನಲ್ಲಿ ಒಣಮೀನು ಮಾರುತ್ತಿದ್ದವರು. ಆದರೆ ಪ್ರಶ್ನೆ ಬಂದದ್ದು ಸೌದಿಯ ಅಲ್ ಖೋಬರಿನಲ್ಲಿ, ಶಫೀಕಾಕನ ದೊಡ್ಡ ಮನೆಯ ಹಜಾರದಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದ ಗರಿಯ ಟೋಪಿಯ ಎದುರು. ಬ್ರಿಟಿಷರ ಕಾಲದಲ್ಲಿ ಸೊಮಾಲಿಲ್ಯಾಂಡನ್ನು ಆಳಿದ ಗವರ್ನರನೊಬ್ಬ ತನ್ನ ದೇಶಕ್ಕೆ ಮರಳುವಾಗ, ಬರ್ಬೆರಾ ಬಂದರಿನಲ್ಲಿ ಅಂಗಡಿ ಇಟ್ಟಿದ್ದ ಶಫೀಕಾಕನ ಅಜ್ಜನಿಗೆ ಆ ಟೋಪಿಯನ್ನು ಕೊಟ್ಟಿದ್ದನಂತೆ. ಅಲ್ಲಿನ ಗವರ್ನರುಗಳ ಹೆಸರನ್ನೆಲ್ಲ ಶಫೀಕಾಕ ಒಂದೇ ಉಸಿರಿಗೆ ಹೇಳುತ್ತಿದ್ದರು: ಯಾರು ರಸ್ತೆ ಮಾಡಿಸಿದ, ಯಾರಿಗೆ ಕುದುರೆಯ ಹುಚ್ಚು. ರಸ್ತೆಗೆ ಕಲ್ಲು ಹೊತ್ತವರ ಹೆಸರು ಅವರಿಗೆ ಗೊತ್ತಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಅಜ್ಜನದೂ ಬರ್ಬೆರಾದಲ್ಲೇ ವ್ಯಾಪಾರವಿತ್ತು ಎಂದುಬಿಟ್ಟ ರಝಾಕ್. ಶಫೀಕಾಕನ ಕಣ್ಣು ಅರಳಿತು. ಆ ಕಾಲದ್ದು ಏನಾದರೂ ಉಳಿದಿದ್ದರೆ ಮುಂದಿನ ಸಲ ತೋರಿಸಬೇಕು ಎಂದರು.

ಮುಂದಿನ ಸಲವೆಂದರೆ ಮಗಳು ಶಹಲಾಳ ಸಂಬಂಧ ನಿಶ್ಚಯವಾಗುವ ದಿನ. ಹುಡುಗ ಸುಫ್ಯಾನ್, ಶಫೀಕಾಕನ ಮಗ. ಬಂದ ಸಂಬಂಧಗಳಿಗೆಲ್ಲ ಮುಖ ತಿರುಗಿಸುತ್ತಿದ್ದ ಶಹಲಾ ಈ ಒಂದು ಹೆಸರಿಗೆ ಮಾತ್ರ ತಲೆ ತಗ್ಗಿಸಿ ನಕ್ಕಿದ್ದಳು. ಆ ನಗುವಿಗಾಗಿಯೇ ಇದೆಲ್ಲ ಎಂದು ರಝಾಕ್ ತನಗೆ ತಾನೇ ಹೇಳಿಕೊಂಡ. ಅವನ ಕಣ್ಣ ಮುಂದೆ ಇದ್ದದ್ದು ಮಾತ್ರ ಆ ಗರಿಯ ಟೋಪಿ.

ಪಕ್ಕದ ಥುಕ್ಬಾ ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಅಂಚು ನೆಗ್ಗಿದ ಬೆಳ್ಳಿ ತಟ್ಟೆಯೊಂದು ಸಿಕ್ಕಿತು. ನೆಗ್ಗಿದ್ದೇ ಒಳ್ಳೆಯದಾಯಿತು ಅಂದುಕೊಂಡ. ಹೊಸತಾಗಿ ಹೊಳೆಯುವ ಚರಿತ್ರೆಯನ್ನು ಯಾರು ನಂಬುತ್ತಾರೆ? ಅಕ್ಷರ ಕೊರೆಯಲು ಟ್ರೋಫಿ ಮಾಡುವವನ ಬಳಿ ಹೋಗಿ, ಶಾಲೆಯ ನಾಟಕಕ್ಕೆಂದು ಹೇಳಿದ. ಬರೆಸಿದ್ದು ಇಂಗ್ಲಿಷಿನಲ್ಲಿ: ಬರ್ಬೆರಾದ ಹೊಸ ಕಸ್ಟಮ್ಸ್ ಕಚೇರಿಯನ್ನು ತೆರೆದ ದಿನ, ನಿಷ್ಠಾವಂತ ಮೂಸಾನಿಗೆ, ಗವರ್ನರನಿಂದ. ಕೆಳಗೆ ವಾರ, ತಾರೀಕು, ಇಸವಿ. ಮೊದಲು 'ಮಿತ್ರ' ಎಂದು ಬರೆಸಬೇಕೆಂದಿದ್ದ. ಆಮೇಲೆ ಯೋಚಿಸಿದ. ಗವರ್ನರನ ಮಿತ್ರ ಎಂದರೆ ಜನ ನಗುತ್ತಾರೆ, ನಿಷ್ಠಾವಂತ ಎಂದರೆ ಎದ್ದು ನಿಂತು ಕೈಕುಲುಕುತ್ತಾರೆ. ಗವರ್ನರನ ಹೆಸರನ್ನು ಬೇಕೆಂದೇ ಬಿಟ್ಟ. ಶಫೀಕಾಕನಿಗೆ ಆ ಹೆಸರುಗಳೆಲ್ಲ ಬಾಯಿಪಾಠ. ಯಾರಿರಬಹುದೆಂದು ಅವರೇ ಊಹಿಸಿ ಖುಷಿಪಡಲಿ.

ಹೊಸ ಗೀರುಗಳು ಕಪ್ಪಾಗಲು ಬೇಯಿಸಿದ ಮೊಟ್ಟೆಗಳನ್ನು ಹಿಸುಕಿ, ತಟ್ಟೆಯ ಜೊತೆ ಚೀಲದಲ್ಲಿ ಕಟ್ಟಿಟ್ಟ. ಹೆಂಡತಿ ಶಮೀನಾ ಫ್ರಿಜ್ಜಿನಲ್ಲಿ ಮೊಟ್ಟೆ ಹುಡುಕಿದಳು, ಸಿಗದೆ ಬರೀ ಈರುಳ್ಳಿ ಹಾಕಿ ಸಾರು ಮಾಡಿದಳು. ಚೀಲ ಬಿಚ್ಚಿದಾಗ ಬೆಳ್ಳಿಗೆ ಅಜ್ಜನ ವಯಸ್ಸು ಬಂದಿತ್ತು.

ಹೊರಡುವ ದಿನ ಮಧ್ಯಾಹ್ನ ಶಫೀಕಾಕನ ಹೆಂಡತಿ ಫರ್ಝಾನಾ ಶಮೀನಾಳಿಗೆ ಫೋನು ಮಾಡಿದಳು. ಅವರೆಲ್ಲ ಒಪ್ಪಿ ಆಗಿತ್ತು. ಸಂಜೆ ಬಾಯಿ ಸಿಹಿ ಮಾಡುವುದಷ್ಟೇ ಬಾಕಿ.

"ಇನ್ನು ಆ ತಟ್ಟೆ ಎಂತಕ್ಕೆ? ಅವರು ಕೇಳಿದ್ದು ಹುಡುಗಿಯನ್ನು, ಅಜ್ಜನನ್ನಲ್ಲ," ಎಂದಳು ಶಮೀನಾ.

"ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು ಮಾರಾಯ್ತಿ."

ತಟ್ಟೆಯಿಲ್ಲದೆ ಹೋದರೆ ಒಣಮೀನಿನವನ ಮೊಮ್ಮಗನಾಗಿಯೇ ಆ ಟೋಪಿಯ ಕೆಳಗೆ ಕೂರಬೇಕಲ್ಲ. ರಝಾಕ್ ಅದನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿಕೊಂಡ.

ಶಫೀಕಾಕ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಯಾವ ಗವರ್ನರನ ಕಾಲದ್ದೆಂದು ಕೂಡಲೇ ಹೇಳಿದರು. ಕಪ್ಪು ಹಿಡಿದ ಅಕ್ಷರಗಳ ಮೇಲೆ ಬೆರಳಾಡಿಸಿದರು. ರಝಾಕನನ್ನು ಮೊದಲ ಬಾರಿಗೆ "ಬನ್ನಿ, ಇಲ್ಲಿ ಕೂತುಕೊಳ್ಳಿ" ಎಂದು ತಮ್ಮ ಪಕ್ಕಕ್ಕೇ ಕರೆದರು. ಆಮೇಲೆ ಹೆಂಗಸರೂ ನೋಡಲಿ ಎಂದು ತಟ್ಟೆಯನ್ನು ಒಳಗಿನ ಕೋಣೆಗೆ ಕಳಿಸಿದರು. ಶಹಲಾ ಶಮೀನಾಳ ಜೊತೆ ಅಲ್ಲೇ ಕುಳಿತಿದ್ದಳು.

ಪರದೆಯ ಆಚೆ ತಟ್ಟೆ ಕೈಯಿಂದ ಕೈಗೆ ಹೋಯಿತು. ಬಳಿಕ ಫರ್ಝಾನಾಳ ಸ್ವರ ಕೇಳಿಸಿತು. ಅದರಲ್ಲಿ ಕೊಂಕಿರಲಿಲ್ಲ, ನಿಜವಾದ ಕುತೂಹಲವಿತ್ತು. "ನೋಡಿ, ಇದರಲ್ಲಿ ಆದಿತ್ಯವಾರ ಅಂತ ಉಂಟು. ಇಂಗ್ಲಿಷ್ ದೊರೆ ಆದಿತ್ಯವಾರ ಇಗರ್ಜಿಗೆ ಹೋಗುವುದು ಬಿಟ್ಟು ಕಸ್ಟಮ್ಸ್ ಆಫೀಸು ತೆರೆದನಾ? ಮಂಗಳೂರಲ್ಲಿ ನಮ್ಮ ಕಾನ್ವೆಂಟಿನ ಸಿಸ್ಟರುಗಳು ಆ ದಿನ ಗೇಟು ಸಹ ತೆಗೀತಿರಲಿಲ್ಲ." ಶಫೀಕಾಕ ರಝಾಕನ ಮುಖವನ್ನೇ ನೋಡಿದರು. ಅಜ್ಜನ ಬಗ್ಗೆಯೇ ಸುಳ್ಳು ಹೇಳುವವರು ಮಗಳ ಬಗ್ಗೆ ಇನ್ನೇನು ಹೇಳಿದ್ದಾರೋ ಎಂದು ಮೆಲ್ಲಗೆ ಕೇಳಿ, ಸಿಹಿಯ ಡಬ್ಬಿಯ ಮುಚ್ಚಳ ಹಾಕಿದರು. ರಝಾಕ್ ತಟ್ಟೆ ಸುತ್ತಿ ತಂದಿದ್ದ ಮಖಮಲ್ಲಿನ ಬಟ್ಟೆಯನ್ನು ಮಡಚತೊಡಗಿದ. ಅಪ್ಪನ ಕೈಹಿಡಿದು ಸೌದಿಗೆ ಬಂದು ಇಲ್ಲೇ ಓದಿ ಬೆಳೆದ ಅವನಿಗೆ ಭಾನುವಾರವೆಂದರೆ ಆಗ ಶಾಲೆಯ ದಿನ, ಈಗ ಕಚೇರಿಯಲ್ಲಿ ವಾರದ ಮೊದಲ ಕೆಲಸದ ದಿನ. ಕಚೇರಿ ತೆರೆಯುವ ದಿನ ರಜೆಯ ದಿನವಾಗಬಾರದೆಂದು ಅವನು ಶುಕ್ರವಾರವನ್ನೂ ಶನಿವಾರವನ್ನೂ ಎಷ್ಟೊಂದು ಜಾಗ್ರತೆಯಿಂದ ತಪ್ಪಿಸಿದ್ದ.