ದಳವಾಯಿಗೆ ಏನು ಬೇಕು

“ನಾನು ಓಡಿಹೋಗ್ತೀನಿ,” ಅಂದ ಅವನು. “ಗಂಟೂ ತಗೊಂಡೇ ಹೋಗ್ತೀನಿ.”

ಮೇಜಿನ ಸುತ್ತ ಕೂತಿದ್ದ ಮೂವರೂ ಅವನತ್ತ ತಿರುಗಿದರು. ಅವರಲ್ಲಿ ಒಬ್ಬಳಂತೂ ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನೋಡಿದಳು.

“ಸೇತುವೆ ಮೇಲೆ ನಾನೊಬ್ಬಳೇ ಇದ್ದೀನಿ. ಎದುರಿಗೆ ಆರು ರಕ್ಕಸರು.”

“ಕಾಣ್ತಿದೆ. ಅದಕ್ಕೇ ಓಡ್ತಿರೋದು.”

“ನಾಚಿಕೆ ಆಗಲ್ವಾ ನಿಮಗೆ?”

“ಆಟದಲ್ಲಾ, ನಿಜವಾಗ್ಲಾ?”

“ಎರಡರಲ್ಲೂ.”

ಗಾಬರಿ ಬೀಳಬೇಡಿ, ಇದು ಆಟ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ, ಭೂಗೋಳದ ಮೇಷ್ಟ್ರ ಮೂರನೇ ಮಹಡಿಯ ಮನೆಯಲ್ಲಿ ನಡೆಯುತ್ತಿತ್ತು. ಮೇಷ್ಟ್ರು ಒಂದು ಲೋಕ ಕಟ್ಟಿ ಹೇಳುತ್ತಿದ್ದರು. ನಕ್ಷೆಯೂ ಅವರದ್ದೇ; ನದಿ ಎಲ್ಲಿ ತಿರುಗಬೇಕು ಅನ್ನುವುದರಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಉಳಿದವರು ಆ ಲೋಕದಲ್ಲಿ ಒಂದೊಂದು ಪಾತ್ರ. ತನ್ನ ಪಾತ್ರ ಏನು ಮಾಡುತ್ತದೆ ಅಂತ ಆಡುವವರು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಅವಳು, ಸೇತುವೆ ಮೇಲೆ ಒಂಟಿಯಾದವಳು, ಇಲ್ಲಿ ದಳವಾಯಿ. ಚಿಕ್ಕಮ್ಮನ ಮಗಳು, ಅಂದರೆ ಅವಳ ತಂಗಿ, ಬಿಲ್ಲುಗಾತಿ. ಅವತ್ತೇ ಹೊಸದಾಗಿ ಸೇರಿದ್ದ ಅವನು, ಲಿಫ್ಟ್ ರಿಪೇರಿಯವನು, ಕಳ್ಳ.

ಮೇಷ್ಟ್ರದ್ದೊಂದು ನಿಯಮವಿತ್ತು. ಆಟಕ್ಕೆ ಸೇರುವವರು ತಮ್ಮ ಪಾತ್ರಕ್ಕೆ ಏನು ಬೇಕು ಅಂತ ಚೀಟಿಯಲ್ಲಿ ಬರೆದು, ಕವರಿಗೆ ಹಾಕಿ, ಅಂಟಿಸಿ ಕೊಡಬೇಕು. ಕವರುಗಳೆಲ್ಲ ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ. ಪಾತ್ರ ಸತ್ತರೆ ಮಾತ್ರ ಒಡೆದು ಓದುವುದು. ಅವತ್ತು ಕಳ್ಳ ಎರಡನೇ ಹಾಳೆ ಕೇಳಿ ಇಸಕೊಂಡಿದ್ದ.

“ಎಷ್ಟಪ್ಪಾ ಬರೀತೀಯ?” ಅಂದಿದ್ದರು ಮೇಷ್ಟ್ರು.

“ಹನ್ನೊಂದು ಸಾಲಾಗಿದೆ ಸಾರ್. ಈ ಕಳ್ಳನಿಗೆ ಆಸೆ ಜಾಸ್ತಿ.”

ದಳವಾಯಿ ಸೇತುವೆಯ ಮೇಲೆ ಸಾಯಲಿಲ್ಲ. ಒಂದೇ ಒಂದು ಗುಟುಕು ಜೀವ ಉಳಿಯಿತು. ಕಳ್ಳ ಗಂಟಿನ ಸಮೇತ ಆಚೆ ದಡದಲ್ಲಿ ಆರಾಮಾಗಿ ಕೂತಿದ್ದ.

ಆಟ ಮುಗಿದಾಗ ತಟ್ಟೆಯಲ್ಲಿ ಒಂದು ಬಿಸ್ಕತ್ ಉಳಿದಿತ್ತು. “ಯಾರಿಗಾದ್ರೂ ಬೇಕಾ?” ಅಂತ ಅವನು ಕೇಳಿದ. ಯಾರೂ ಮಾತಾಡಲಿಲ್ಲ. ಅವನು ತೆಗೆದು ತಿಂದ.

ಅವಳಿಗೆ ಅದು ಬೇಕಿತ್ತು. ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ.

‘ಎಂಥಾ ಸ್ವಾರ್ಥಿ...’ ಅಂದುಕೊಳ್ಳುತ್ತಾ ಮೆಟ್ಟಿಲಿಳಿದಳು.

ಅವಳ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಲ್ಯಾಬಿನಲ್ಲಿ ಯಾರಿಗೆ ರಜೆ ಬೇಕಾದರೂ ಅವರ ಪಾಳಿ ಅವಳ ತಲೆಗೆ. ಮನೆಯಲ್ಲಿ ಕಿಟಕಿ ಪಕ್ಕದ ಮಂಚ ತಮ್ಮನಿಗೆ ಬಿಟ್ಟು ಆರು ವರ್ಷವಾಗಿತ್ತು. “ಇಲ್ಲ” ಅನ್ನುವ ಪದ ಅವಳ ಬಾಯಲ್ಲಿ ಯಾರೂ ಕೇಳಿದ್ದಿಲ್ಲ. ಎಲ್ಲರೂ ಅವಳನ್ನು ಚಿನ್ನದಂಥ ಹುಡುಗಿ ಅನ್ನುತ್ತಿದ್ದರು, ಅಂದು ಇನ್ನೊಂದು ಕೆಲಸ ಹೇಳುತ್ತಿದ್ದರು.

ಅವನದು ಬೇರೆಯೇ ಬಗೆ. ಬೇಕಾದ್ದನ್ನು ಕೇಳುತ್ತಿದ್ದ. ಫ್ಯಾನಿನ ಕೆಳಗಿನ ಕುರ್ಚಿ ಬೇಕು ಅಂತ ಮೊದಲ ದಿನವೇ ಕೇಳಿ ತೆಗೆದುಕೊಂಡಿದ್ದ. ಮೇಷ್ಟ್ರು ತಮ್ಮ ಬೀರು ಸರಿಸಲು ಕರೆದರೆ, “ಇವತ್ತು ಸೊಂಟ ನೋವು ಸಾರ್, ಆಗಲ್ಲ,” ಅನ್ನುತ್ತಿದ್ದ. ಬರುತ್ತೇನೆ ಅಂದ ದಿನ ಮಾತ್ರ ಮಳೆ ಬಂದರೂ ಬರುತ್ತಿದ್ದ.

ಎರಡನೇ ತಿಂಗಳಿಗೆ ಅವಳಿಗೆ ಒಂದು ವಿಚಿತ್ರ ಅನುಭವವಾಗತೊಡಗಿತು. ಅವನ ಜೊತೆ ಇದ್ದಾಗ ಎದುರಿನವರಿಗೆ ಏನು ಬೇಕಿರಬಹುದು ಅಂತ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬೇಕಾದರೆ ಅವನೇ ಕೇಳುತ್ತಾನಲ್ಲ! ಆಟದ ಆ ಮೂರು ತಾಸು ಅವಳ ಹೆಗಲು ಹಗುರಾಗುತ್ತಿತ್ತು. ಮೂರನೇ ತಿಂಗಳಿಗೆ ಭಾನುವಾರಕ್ಕಾಗಿ ದಿನ ಎಣಿಸುವುದು ಶುರುವಾಯಿತು. ನಾಲ್ಕನೇ ತಿಂಗಳಿಗೆ, ಸುಮ್ಮನೆ ಸುತ್ತಿ ಬಳಸುವುದೇಕೆ, ಅವನು ಅಂದರೆ ಅವಳಿಗೆ ಪ್ರಾಣವಾಗಿತ್ತು.

ಅದೇ ತಿಂಗಳು ಅವನು ಡಬ್ಬಿಯಿಂದ ತನ್ನ ಕವರು ವಾಪಸ್ ಕೇಳಿ, ಇನ್ನೊಂದು ಸಾಲು ಸೇರಿಸಿ, ಮತ್ತೆ ಅಂಟಿಸಿ ಕೊಟ್ಟ. ಮೇಷ್ಟ್ರು ಗೊಣಗಿದರು.

ಆಗಲೇ ತಂಗಿ ಅವಳ ಕೈ ಹಿಡಿದದ್ದು.

“ಅಕ್ಕಾ, ನಂಗೆ ಆ ಲಿಫ್ಟಿನವರು ಇಷ್ಟ. ನಂಗೆ ಕೇಳೋಕೆ ಧೈರ್ಯ ಇಲ್ಲ. ನೀನೇ ಒಂದು ಮಾತು ಕೇಳು...”

ನನಗೂ ಇಷ್ಟ ಅಂತ ಹೇಳಬೇಕಿತ್ತು. ಬಾಯಿ ಮಾತ್ರ ಎಂದಿನಂತೆ, “ಆಯ್ತು ಬಿಡು, ಕೇಳ್ತೀನಿ,” ಅಂದಿತು.

ಆಸ್ಪತ್ರೆಯ ಲಿಫ್ಟುಗಳ ಸರ್ವಿಸ್ ಅವನದ್ದೇ. ಬುಧವಾರ ಊಟದ ಬಿಡುವಿನಲ್ಲಿ ಅವಳು ತಾರಸಿಯ ಮೇಲಿನ ಮೋಟಾರ್ ಕೋಣೆಗೆ ಹತ್ತಿದಳು. ಅವನು ಮಂಡಿಯೂರಿ ಕೂತು ಉಕ್ಕಿನ ಹಗ್ಗದ ಎಳೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ಕೈತುಂಬ ಗ್ರೀಸು.

ಅವಳು ತಂಗಿಯ ವಿಷಯ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಅವಳ ಗುಣ, ನಗು, ಯಾವುದನ್ನೂ ಬಿಡಲಿಲ್ಲ.

ಅವನು ಬಟ್ಟೆಯಿಂದ ನಿಧಾನಕ್ಕೆ ಕೈ ಒರೆಸಿಕೊಂಡ.

“ಅವರಿಗೇನು ಬೇಕು ಅಂತ ಗೊತ್ತಾಯ್ತು. ನಿಮಗೆ?”

“ನನಗೇನು?”

“ನಾನು ನೇರವಾಗಿ ಕೇಳ್ತೀನಿ. ನನಗೆ ನೀವಂದ್ರೆ ಇಷ್ಟ. ನಿಮಗೆ ನಾನು ಬೇಕಾ?”

ಕೆಳಗೆ ಯಾವುದೋ ಮಹಡಿಯಲ್ಲಿ ಯಾರೋ ಗುಂಡಿ ಒತ್ತುತ್ತಲೇ ಇದ್ದರು. ಲಿಫ್ಟನ್ನು ಅವನು ನಿಲ್ಲಿಸಿದ್ದ. ‘ಹೂಂ ಅನ್ನು... ಒಂದೇ ಒಂದು ಅಕ್ಷರ...’ ಅವಳ ಕಣ್ಣ ಮುಂದೆ ತಂಗಿಯ ಮುಖ ಬಂದು ನಿಂತಿತು.

“ನಂದೇನಿಲ್ಲ,” ಅಂದಳು.

ಬೇಡ ಅಂದರೆ ಬೇಡ ಅಂತಲೇ ತಿಳಿದುಕೊಳ್ಳುವ ಮನುಷ್ಯ ಅವನು. ಬಿಸ್ಕತ್ತಿನ ವಿಷಯದಲ್ಲೂ ಅಷ್ಟೇ, ಇದರಲ್ಲೂ ಅಷ್ಟೇ.

“ಸರಿ. ನಿಮ್ಮ ತಂಗಿಗೆ ಆಗಲ್ಲ ಅಂತ ಹೇಳಿ, ಕ್ಷಮಿಸಬೇಕು ಅಂತಾನೂ ಹೇಳಿ. ಈ ಭಾನುವಾರ ಕಥೆ ಮುಗಿಯುತ್ತಲ್ಲ, ಅಲ್ಲಿವರೆಗೆ ಬರ್ತೀನಿ. ಆಮೇಲೆ ಬರಲ್ಲ. ನಿಮ್ಮೆದುರು ಕೂತ್ಕೊಳ್ಳೋದು ನನ್ನ ಕೈಲಿ ಆಗಲ್ಲ.”

ಅವಳು ಅರ್ಧ ಸುದ್ದಿ ಮಾತ್ರ ತಂಗಿಗೆ ತಲುಪಿಸಿದಳು. ತಂಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಭಾನುವಾರ ಬಂತು. ಕೋಟೆ ಕುಸಿಯುತ್ತಿದೆ, ಎಲ್ಲರೂ ಹೊರಗೆ ಓಡಬೇಕು, ಯಾರಾದರೂ ಒಬ್ಬರು ಒಳಗೆ ನಿಂತು ರಕ್ಕಸರನ್ನು ತಡೆಯಬೇಕು. ಯಾರು ಅಂತ ಮೇಷ್ಟ್ರು ಕೇಳಲೂ ಇಲ್ಲ.

“ದಳವಾಯಿ ನಿಲ್ತಾಳೆ,” ಅಂದಳು ಅವಳು.

“ಕಳ್ಳ ವಾಪಸ್ ಬರ್ತಾನೆ,” ಅಂದ ಅವನು. ನಾಲ್ಕು ತಿಂಗಳಲ್ಲಿ ಮೊದಲ ಸಲ. “ಗಂಟು ಬಿಸಾಕಿ ಬರ್ತಾನೆ.”

“ಬರೋಕಾಗಲ್ಲ. ನಾನು ಬಾಗಿಲಿಗೆ ಒಳಗಿಂದ ಅಗುಳಿ ಹಾಕಿದ್ದೀನಿ.”

ದಾಳ ಬರೀ ಎರಡು ತೋರಿಸಿತು. ದಳವಾಯಿ ಸತ್ತಳು.

ಮೇಷ್ಟ್ರು ಡಬ್ಬಿ ತೆಗೆದು ಅವಳ ಕವರು ಹುಡುಕಿ ಒಡೆದರು. ಚೀಟಿ ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಏನೂ ಬರೆದಿಲ್ವಲ್ಲಮ್ಮಾ.”

ಅವಳಿಗೆ ಚೀಟಿ ಕೊಟ್ಟ ದಿನ ನೆನಪಾಯಿತು. ಪೆನ್ನು ಹಿಡಿದು ಹತ್ತು ನಿಮಿಷ ಕೂತಿದ್ದಳು. ಊರು ಕಾಯಬೇಕು, ಗೆಳೆಯರನ್ನು ಉಳಿಸಬೇಕು, ಅದೆಲ್ಲ ಬೇರೆಯವರ ಆಸೆ. ದಳವಾಯಿಗೆ ಏನು ಬೇಕು ಅಂತ ಹೊಳೆದೇ ಇರಲಿಲ್ಲ. ಕೊನೆಗೆ ಸುಮ್ಮನೆ ಮಡಚಿ ಕೊಟ್ಟಿದ್ದಳು.

“ಆಯ್ತು, ನಾನು ಹೊರಡ್ತೀನಿ ಸಾರ್.” ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲು ದಾಟಿದ.

ತಂಗಿ ಅಕ್ಕನ ಮುಖ ನೋಡಿದಳು. ಬಾಗಿಲ ಕಡೆ ನೋಡಿದಳು. ಮತ್ತೆ ಅಕ್ಕನನ್ನು ನೋಡಿದಳು.

“ನಿಂಗೂ ಅವರು ಇಷ್ಟನಾ?”

ಅವಳು ತಲೆಯೆತ್ತಲಿಲ್ಲ.

“ಮೊದಲೇ ಬಾಯಿ ಬಿಟ್ಟು ಹೇಳಿದ್ರೆ ಜಗಳ ಆಡ್ತಿದ್ದೆ. ಅತ್ತು ಸುಮ್ಮನಾಗ್ತಿದ್ದೆ. ನೀನು ಜಗಳ ಆಡೋಕೂ ಬಿಡಲಿಲ್ವಲ್ಲ ಅಕ್ಕಾ. ಎಲ್ಲಾ ನೀನೇ ತೀರ್ಮಾನ ಮಾಡಿ, ನೀನೇ ತ್ಯಾಗ ಮಾಡಿ... ಒಳಗಿಂದ ಅಗುಳಿ ಹಾಕ್ಕೊಂಡು ಕೂತ್ರೆ ಹೊರಗಿರೋರು ಏನು ಮಾಡ್ಬೇಕು?” ತಂಗಿ ಬಾಗಿಲ ಕಡೆ ಕೈ ತೋರಿಸಿದಳು. “ಹೋಗು ಮೊದಲು. ನಿನ್ನ ಜೊತೆ ಜಗಳ ಆಮೇಲೆ ಇದೆ.”

ಮೇಷ್ಟ್ರು ಖಾಲಿ ಚೀಟಿಯನ್ನು ಅವಳ ಕಡೆ ತಳ್ಳಿದರು. “ಚೀಟಿ ಬರೀದೆ ಸಾಯೋಕೆ ನನ್ನ ನಿಯಮದಲ್ಲಿ ಅವಕಾಶ ಇಲ್ಲ. ಬರೆದು ಬಾ, ಆಮೇಲೆ ಸಾಯುವಿಯಂತೆ.”

ಅವಳು ಚೀಟಿ ಹಿಡಿದು ಓಡಿದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಅವನು ಮೊದಲ ಮಹಡಿಯ ತಿರುವಿನಲ್ಲಿದ್ದ.

“ನಿಂತ್ಕೊಳ್ಳಿ.”

ಅವನು ನಿಂತ. ಅವಳಿಗೆ ಏದುಸಿರು. ಪೆನ್ನು ಮೇಲೆಯೇ ಉಳಿದಿತ್ತು.

“ಬರೀಬೇಕು ಅಂದ್ಕೊಂಡೆ. ಪೆನ್ನಿಲ್ಲ. ಬಾಯಲ್ಲೇ ಹೇಳ್ತೀನಿ.” ಮೆಟ್ಟಿಲ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು. “ಬುಧವಾರ ಸುಳ್ಳು ಹೇಳಿದೆ. ನನಗೆ... ನನಗೆ ನೀವು ಬೇಕು.”

ಅವನು ಬ್ಯಾಗು ಕೆಳಗಿಟ್ಟ.

“ನಿಮ್ಮ ತಂಗಿಗೆ ಬೇಜಾರಾಗುತ್ತೆ.”

“ಆಗಿದೆ. ನಾನೇ ಹತ್ತಿರ ಕೂತು ಬೈಸಿಕೊಳ್ತೀನಿ. ಆದ್ರೂ ಬೇಕು.”

ಅವಳ ಕಣ್ಣು ತುಂಬಿಕೊಂಡಿತು. ಅವನು ಎರಡು ಮೆಟ್ಟಿಲು ಹತ್ತಿ ಬಂದು ಅವಳ ಕೈಯನ್ನು ಕಂಬಿಯಿಂದ ಬಿಡಿಸಿ ತನ್ನ ಕೈಯಲ್ಲಿ ಇಟ್ಟುಕೊಂಡ. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಇತ್ತು.

“ಅವತ್ತು ಚೀಟಿಗೆ ಹನ್ನೆರಡನೇ ಸಾಲು ಸೇರಿಸಿದಿರಲ್ಲ,” ಅಂದಳು ಅವಳು. “ಏನದು?”

“ಕಳ್ಳ ಸಾಯೋವರೆಗೂ ಹೇಳೋ ಹಾಗಿಲ್ಲ.”

“ನನಗೆ ಈಗಲೇ ಬೇಕು.”

ಅವನು ನಕ್ಕುಬಿಟ್ಟ. “‘ಒಂದು ದಿನ ದಳವಾಯಿ ತನಗೋಸ್ಕರ ಏನಾದ್ರೂ ಕೇಳ್ಬೇಕು. ಕೇಳುವಾಗ ಈ ಕಳ್ಳ ಎದುರಿಗಿರಬೇಕು.’ ಅಷ್ಟೇ.”

ಅವಳು ಮುಖ ಒರೆಸಿಕೊಂಡಳು. ಮೇಲಿನಿಂದ ತಂಗಿ ಮೂಗೆಳೆದುಕೊಳ್ಳುವ ಸದ್ದು ಕೇಳಿಸಿತು.

“ಬನ್ನಿ, ಮೇಲೆ ತಟ್ಟೆಯಲ್ಲಿ ಒಂದು ಬಿಸ್ಕತ್ ಉಳಿದಿದೆ,” ಅಂದಳು.

“ಯಾರಿಗೆ ಬೇಕು?”

“ನನಗೆ.”

“ಅರ್ಧ ಕೊಡ್ತೀರಾ?”

ಅವಳು ಒಂದು ಕ್ಷಣ ಯೋಚಿಸಿದಳು.

“ಇಲ್ಲ,” ಅಂದಳು, ಅವನ ಕೈ ಬಿಡದೆ.